ತಲೆಗೆ ಪೆಟ್ಟು ಬಿದ್ರೂ ಆಡಿದ್ರೆನೇ ಹೀರೋನಾ?

ಕ್ರಿಕೆಟ್ ಚರಿತ್ರೆ, ಭಾಗ 6 🏏

ಕುಂಬ್ಳೆ ಅವರ ಆ ಫೋಟೋ ನಿಮಗೆಲ್ಲ ಗೊತ್ತಿರುತ್ತೆ. 2002, ಆಂಟಿಗಾ ಟೆಸ್ಟ್. ದವಡೆ ಮುರಿದಿದ್ರೂ ಮುಖಕ್ಕೆ ಬ್ಯಾಂಡೇಜ್ ಸುತ್ಕೊಂಡು ಬಂದು 14 ಓವರ್ ಹಾಕಿದ್ರು, ಲಾರಾನ ಔಟ್ ಮಾಡಿದ್ರು. ನಮ್ಮ ಬೆಂಗಳೂರಿನವರು ಅಂತ ಇವತ್ತಿಗೂ ಎದೆ ಉಬ್ಬುತ್ತೆ.

ಆದ್ರೆ ಒಂದು ವ್ಯತ್ಯಾಸ ನೋಡಿ. ದವಡೆ ಮುರಿದ್ರೆ ಎಕ್ಸ್‌ರೇಲಿ ಕಾಣುತ್ತೆ. ಪೆಟ್ಟಿಗೆ ಮೆದುಳು ಅಲುಗಿದ್ರೆ ಹೊರಗೆ ಏನೂ ಕಾಣದೇ ಇರಬಹುದು. ಇದೇ ಕನ್‌ಕಷನ್. ತಲೆನೋವು, ತಲೆಸುತ್ತು, ಮಂಪರು ಎಷ್ಟೋ ಸಲ ತಡವಾಗಿ ಶುರುವಾಗುತ್ತೆ. ಹಾಗಾಗಿ "ನಾನು ಚೆನ್ನಾಗಿದ್ದೀನಿ" ಅನ್ನೋ ಮಾತನ್ನ ನಂಬೋ ಹಾಗಿಲ್ಲ.

1998, ಢಾಕಾ. ರಮಣ್ ಲಾಂಬಾ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಇಲ್ಲದೆ ನಿಂತಿದ್ರು. ಓವರ್‌ನಲ್ಲಿ ಉಳಿದಿದ್ದು ಮೂರೇ ಬಾಲ್. ಚೆಂಡು ತಲೆಗೆ ಬಡಿದ ಮೇಲೂ ಮೈದಾನದಿಂದ ನಡ್ಕೊಂಡೇ ಹೊರಗೆ ಹೋದ್ರು. ಒಳಗೆ ಮೆದುಳಿಗೆ ಆದ ಗಾಯ ಯಾರ ಕಣ್ಣಿಗೂ ಬೀಳಲಿಲ್ಲ. ಮೂರು ದಿನದಲ್ಲಿ ತೀರ್ಕೊಂಡ್ರು.

ಹಾಗಿದ್ರೂ ಆಟಗಾರರು ಯಾಕೆ ಹೊರಗೆ ಹೋಗ್ತಿರಲಿಲ್ಲ? ಬರೀ ಧೈರ್ಯ ಅಲ್ಲ, ರೂಲ್ ಹಾಗಿತ್ತು. ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದಿತ್ತು, ಬ್ಯಾಟಿಂಗ್ ಬೌಲಿಂಗ್ ಮಾಡೋ ಹಾಗಿರಲಿಲ್ಲ. ನೀವು ಹೊರಗೆ ಹೋದ್ರೆ ಟೀಮ್‌ಗೆ ಒಬ್ಬ ಕಮ್ಮಿ. ನಮ್ಮ ಬಿಕಾಂ ಲೆಕ್ಕದಲ್ಲಿ ಹೇಳೋದಾದ್ರೆ, ಸುಮ್ನಿರೋನಿಗೆ ಲಾಭ, ಸತ್ಯ ಹೇಳಿದೋನಿಗೆ ನಷ್ಟ.

2014ರಲ್ಲಿ ಫಿಲ್ ಹ್ಯೂಸ್ ಬೌನ್ಸರ್ ಬಡಿದು ತೀರ್ಕೊಂಡಾಗ ಇಡೀ ಕ್ರಿಕೆಟ್ ಲೋಕ ಬೆಚ್ಚಿಬಿತ್ತು. ಕೊನೆಗೆ ಆಗಸ್ಟ್ 1, 2019ರಿಂದ ಐಸಿಸಿ ಕನ್‌ಕಷನ್ ಬದಲಿ ಆಟಗಾರನಿಗೆ ಬ್ಯಾಟಿಂಗ್ ಬೌಲಿಂಗ್ ಎರಡಕ್ಕೂ ಒಪ್ಪಿಗೆ ಕೊಡ್ತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ 80 ರನ್‌ನಲ್ಲಿದ್ದಾಗ ಆರ್ಚರ್ ಬೌನ್ಸರ್ ಕುತ್ತಿಗೆಗೆ ಬಡೀತು. ಪರೀಕ್ಷೆ ಪಾಸಾಗಿ ಮತ್ತೆ ಬಂದು 92ಕ್ಕೆ ಔಟಾದ್ರು. ಮರುದಿನ ಬೆಳಿಗ್ಗೆ ತಲೆನೋವು, ಮಂಪರು. ಅವರ ಜಾಗಕ್ಕೆ ಬಂದ ಲಾಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್‌ಕಷನ್ ಬದಲಿ ಆಟಗಾರ. 59 ರನ್ ಹೊಡೆದು ಮ್ಯಾಚ್ ಉಳಿಸೋಕೆ ನೆರವಾದ್ರು.

ರೂಲ್ ಬದಲಾಯ್ತು, ಮನಸ್ಸು? 2020ರಲ್ಲಿ ಕ್ಯಾನ್‌ಬೆರಾ ಟಿ20ಯಲ್ಲಿ ಜಡೇಜಾ ಹೆಲ್ಮೆಟ್‌ಗೆ ಚೆಂಡು ಬಡೀತು. ಬದಲಿಗೆ ಬಂದ ಚಹಲ್ 3 ವಿಕೆಟ್ ತಗೊಂಡ್ರು. ಜನ ಕೇಳಿದ್ದು "ಜಡೇಜಾ ಹೇಗಿದ್ದಾರೆ" ಅಂತಲ್ಲ, "ಇದು ಮೋಸ ತಾನೆ" ಅಂತ. ಮೊದಲು ಆಡಿದ್ರೆ ವೀರ ಅಂತಿದ್ವಿ, ಈಗ ಆಡದಿದ್ರೆ ನಾಟಕ ಅಂತೀವಿ. ಎರಡೂ ಒಂದೇ ರೋಗ.

ನಮ್ಮ ಕಾಲೇಜು, ಏರಿಯಾ ಟೂರ್ನಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಡಾಕ್ಟರ್ ಇರಲ್ಲ, ರೆಫರಿ ಇರಲ್ಲ. ಹಾಗಾಗಿ ಕ್ಯಾಪ್ಟನ್‌ಗಳೇ, ಟಾಸ್‌ಗೆ ಮುಂಚೆನೇ ಎದುರಾಳಿ ಜೊತೆ ಮಾತಾಡ್ಕೊಳ್ಳಿ: ತಲೆಗೆ ಪೆಟ್ಟಾದ್ರೆ ಬದಲಿ ಹುಡುಗ ಬ್ಯಾಟಿಂಗೂ ಮಾಡಬಹುದು, ಬೌಲಿಂಗೂ ಮಾಡಬಹುದು. ಪೆಟ್ಟು ತಿಂದವನು ಆಸ್ಪತ್ರೆಗೆ ಹೋಗ್ತಾನೆ, ಅವನ ಜೊತೆ ಒಬ್ಬ ಹೋಗ್ತಾನೆ. ಎರಡು ನಿಮಿಷದ ಮಾತು ಅಷ್ಟೆ.

ನಿಮ್ಮ ಟೀಮ್ ಕ್ಯಾಪ್ಟನ್‌ಗೆ ಇದನ್ನ ಕಳಿಸಿ. 🙏

#ಕ್ರಿಕೆಟ್‌ಚರಿತ್ರೆ #ಕನ್ನಡ