ದೀರ್ಘದೂರ ಸೈಕಲ್ ಸವಾರಿಯ ತರಬೇತಿ

ದೀರ್ಘದೂರ ಸೈಕಲ್ ಸವಾರಿಯ ತರಬೇತಿ ಎಂದರೆ 200 ಕಿ.ಮೀ. ಅಥವಾ ಅದಕ್ಕೂ ಹೆಚ್ಚಿನ ದೂರವನ್ನು ನಿಗದಿತ ಅವಧಿಯೊಳಗೆ ಕ್ರಮಿಸಲು ದೇಹವನ್ನೂ ಮನಸ್ಸನ್ನೂ ಸೈಕಲ್ಲನ್ನೂ ಸಿದ್ಧಗೊಳಿಸುವ ಕ್ರಮಬದ್ಧ ಅಭ್ಯಾಸ. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಬಯಲುಸೀಮೆಯ ಅಂಚೂ ಪಶ್ಚಿಮ ಘಟ್ಟದ ಏರಿಳಿತವೂ ಹತ್ತಿರ ಹತ್ತಿರದಲ್ಲೇ ಇರುವುದರಿಂದ, ಈ ಅಭ್ಯಾಸಕ್ಕೆ ಬೇಕಾದ ಎರಡೂ ಬಗೆಯ ರಸ್ತೆಗಳು ಅಲ್ಲಿ ದೊರೆಯುತ್ತವೆ. ಆದರೆ ಇದು ಆನೆ, ಹುಲಿಗಳ ನೆಲೆಯೂ ಆಗಿರುವುದರಿಂದ ರಾತ್ರಿ ಸವಾರಿಯ ಅಭ್ಯಾಸಕ್ಕೆ ಎಲ್ಲ ಮಾರ್ಗಗಳೂ ಯೋಗ್ಯವಲ್ಲ.

ಹಿನ್ನೆಲೆ

ಕಾಲಮಿತಿಯ ದೀರ್ಘ ಸವಾರಿಗಳಲ್ಲಿ ಪ್ರಸಿದ್ಧವಾದುದು ಫ್ರಾನ್ಸಿನ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್. 1891ರಲ್ಲಿ ಪಂದ್ಯವಾಗಿ ಆರಂಭವಾದ ಇದು ಈಗ ನಾಲ್ಕು ವರ್ಷಗಳಿಗೊಮ್ಮೆ ಹವ್ಯಾಸಿಗಳಿಗಾಗಿ ನಡೆಯುತ್ತದೆ. ಸುಮಾರು 1200 ಕಿ.ಮೀ. ದೂರಕ್ಕೆ ಗರಿಷ್ಠ 90 ಗಂಟೆಗಳ ಅವಧಿ ಇದೆ. ಇದಕ್ಕೆ ಅರ್ಹತೆ ನೀಡುವ ಸವಾರಿಗಳನ್ನು ಬ್ರೆವೆ ಎನ್ನುತ್ತಾರೆ. ಭಾರತದಲ್ಲಿ ಆಡಾಕ್ಸ್ ಇಂಡಿಯಾ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರು, ಹುಬ್ಬಳ್ಳಿ ಮೊದಲಾದ ನಗರಗಳಿಂದ ಬ್ರೆವೆಗಳು ಹೊರಡುತ್ತವೆ.

ಬ್ರೆವೆಗಳ ಕಾಲಮಿತಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27 ಮತ್ತು 600ಕ್ಕೆ 40 ಗಂಟೆ. ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಆದರೂ ಸಾಕೆಂದು ಇದರಿಂದ ತೋರುತ್ತದೆ. ಊಟ, ನಿದ್ರೆ, ಪಂಕ್ಚರು ಎಲ್ಲವೂ ಇದೇ ಅವಧಿಯೊಳಗೆ ಸೇರುತ್ತವೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಅವಧಿ ಮೀರುವುದಕ್ಕೆ ಹಲವು ವೇಳೆ ನಿಧಾನವಾದ ಸವಾರಿಗಿಂತ ಚಹಾದಂಗಡಿಗಳಲ್ಲಿ ಕಳೆದ ಹೊತ್ತೇ ಕಾರಣ. ಸವಾರನ ಹಿಂದೆ ಸಹಾಯಕ ವಾಹನ ಬರುವಂತಿಲ್ಲ. ಸೈಕಲ್ಲಿನ ದುರಸ್ತಿಯನ್ನು ಸವಾರನೇ ನೋಡಿಕೊಳ್ಳಬೇಕು.

ಅಭ್ಯಾಸದ ಕ್ರಮ

ತರಬೇತಿಯ ಬುನಾದಿ ನಿಧಾನಗತಿಯ ದೀರ್ಘ ಸವಾರಿ. ಏದುಸಿರಿಲ್ಲದೆ ಪಕ್ಕದವರೊಡನೆ ಮಾತನಾಡುತ್ತ ಹೋಗಬಲ್ಲ ವೇಗವೇ ಅದರ ಅಳತೆಗೋಲು. ಈ ವೇಗದಲ್ಲಿ ದೇಹವು ಕೊಬ್ಬನ್ನು ಹೆಚ್ಚಾಗಿ ಇಂಧನವಾಗಿ ಬಳಸುತ್ತದೆ. ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಸಕ್ಕರೆಯ ಅಂಶ ಹೆಚ್ಚು ಹೊತ್ತು ಉಳಿಯುತ್ತದೆ. ವಾರದ ಒಟ್ಟು ದೂರವನ್ನು ಶೇಕಡ 10ರ ಆಸುಪಾಸಿನಲ್ಲಿ ಹೆಚ್ಚಿಸುತ್ತ, ಮೂರು ವಾರಗಳಿಗೊಮ್ಮೆ ಅಭ್ಯಾಸವನ್ನು ತಗ್ಗಿಸಿ ವಿಶ್ರಾಂತಿ ಕೊಡುವುದು ರೂಢಿ. 200 ಕಿ.ಮೀ. ಬ್ರೆವೆಗೆ ಮೊದಲು 120ರಿಂದ 150 ಕಿ.ಮೀ. ಸವಾರಿಯನ್ನು ಒಂದೆರಡು ಸಲ ಮಾಡಿದ್ದರೆ ಸಾಕು. ಮುಂದಿನ ಹಂತಗಳಿಗೆ ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ ಸವಾರಿ ಮಾಡಿ, ದಣಿದ ಕಾಲಿನಲ್ಲಿ ಪೆಡಲು ತುಳಿಯುವುದನ್ನು ರೂಢಿಸಿಕೊಳ್ಳಬೇಕು.

ಸೀಟಿನ ಎತ್ತರ ತಪ್ಪಿದರೆ ಮೊಣಕಾಲಿನ ನೋವು ಬರುತ್ತದೆ. ಪೆಡಲು ಅತ್ಯಂತ ಕೆಳಗಿರುವಾಗ ಮೊಣಕಾಲು ತುಸು ಬಾಗಿರಬೇಕು. ಹ್ಯಾಂಡಲನ್ನು ಒಂದೇ ರೀತಿ ಬಹಳ ಹೊತ್ತು ಒತ್ತಿ ಹಿಡಿದರೆ ಕಿರುಬೆರಳು, ಉಂಗುರಬೆರಳುಗಳು ಜೋಮು ಹಿಡಿಯುತ್ತವೆ; ಅಂಗೈಯ ನರದ ಮೇಲಿನ ಒತ್ತಡವೇ ಇದಕ್ಕೆ ಕಾರಣ. ಆಗಾಗ ಹಿಡಿತ ಬದಲಿಸುತ್ತಿರಬೇಕು.

ಪ್ರದೇಶದ ಮಾರ್ಗಗಳು

ದಾಂಡೇಲಿಯಿಂದ ಹಳಿಯಾಳದ ಮೂಲಕ ಧಾರವಾಡಕ್ಕೆ ಹೋಗಿ ಮರಳಿದರೆ 100 ಕಿ.ಮೀ. ಮೀರುತ್ತದೆ. ಈ ಮಾರ್ಗದಲ್ಲಿ ಏರಿಳಿತ ಸೌಮ್ಯ. ಒಂದೇ ಗತಿಯಲ್ಲಿ ಸಾಗುವ ಅಭ್ಯಾಸಕ್ಕೆ ತಕ್ಕುದು. ಟಿಬೆಟನ್ ವಸಾಹತಿರುವ ಮುಂಡಗೋಡದಿಂದ ಹುಬ್ಬಳ್ಳಿಯ ಕಡೆಗಿನ ರಸ್ತೆಯೂ ಇಂಥದೇ.

ದಾಂಡೇಲಿಯ ಪಶ್ಚಿಮಕ್ಕೆ ಚಿತ್ರ ಬದಲಾಗುತ್ತದೆ. ಗಣೇಶಗುಡಿ, ಜೋಯಿಡಾ, ಕುಂಬಾರವಾಡ, ಅಣಶಿಗಳ ಮೂಲಕ ಕದ್ರಾಕ್ಕೆ ಇಳಿಯುವ ರಸ್ತೆ ದಟ್ಟ ಕಾಡಿನ ನಡುವೆ ಹಾದುಹೋಗುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಹಿಡಿದರೆ ಗಾಲಿಯ ಅಂಚು ಕಾದು ಟ್ಯೂಬು ಒಡೆಯುವ ಭಯವಿದೆ. ಬಿಟ್ಟು ಬಿಟ್ಟು ಹಿಡಿಯಬೇಕು. ಮರಳಿ ಏರುವಾಗ ಚಿಕ್ಕ ಗೇರಿನಲ್ಲಿ ಕುಳಿತೇ ತುಳಿಯುವುದು ಮೇಲು. ಎದ್ದು ನಿಂತು ತುಳಿದರೆ ಶಕ್ತಿ ಬೇಗ ವ್ಯಯವಾಗುತ್ತದೆ. ಜೋಯಿಡಾ ಭಾಗದಲ್ಲಿ ಮಳೆಗಾಲದ ಮಳೆ ಹಳಿಯಾಳ, ಮುಂಡಗೋಡಗಳಿಗಿಂತ ಬಹಳ ಹೆಚ್ಚು. ಪಾಚಿ, ಮಂಜು ಮತ್ತು ಬಿದ್ದ ಕೊಂಬೆಗಳಿಂದಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಅಭ್ಯಾಸವನ್ನು ಬಿಡುವುದೇ ಒಳಿತು. ಮೊಬೈಲ್ ಸಂಪರ್ಕ ಕಾಡಿನಲ್ಲಿ ಹಲವೆಡೆ ಸಿಗುವುದಿಲ್ಲವಾದ್ದರಿಂದ ಹೊರಡುವ ಮೊದಲು ಮಾರ್ಗವನ್ನೂ ಮರಳುವ ಹೊತ್ತನ್ನೂ ಮನೆಯವರಿಗೆ ತಿಳಿಸಿರಬೇಕು.

ರಾತ್ರಿ ಸವಾರಿ ಮತ್ತು ವನ್ಯಜೀವಿಗಳು

300 ಕಿ.ಮೀ. ಮತ್ತು ಮೇಲಿನ ಬ್ರೆವೆಗಳಲ್ಲಿ ಕತ್ತಲೆಯ ಸವಾರಿ ಬಹುತೇಕ ಅನಿವಾರ್ಯ. ಹೀಗಾಗಿ ಅದನ್ನು ಮೊದಲೇ ಅಭ್ಯಾಸ ಮಾಡಬೇಕು. ಆದರೆ ಜೋಯಿಡಾದ ಕಾಡುಗಳ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಕೂಡಿಸಿ ರಚಿಸಿದ ಈ ಪ್ರದೇಶಕ್ಕೆ 2015ರಲ್ಲಿ ಕಾಳಿ ನದಿಯ ಹೆಸರನ್ನು ಇಡಲಾಯಿತು. ಇಲ್ಲಿ ಸಂಜೆಯ ನಂತರ ಸೈಕಲ್ ಹೊಡೆಯುವುದು ಸವಾರನಿಗೂ ಪ್ರಾಣಿಗಳಿಗೂ ಅಪಾಯ. ಸದ್ದಿಲ್ಲದೆ ಬರುವ ಸೈಕಲ್ಲು ಆನೆ ಅಥವಾ ಕಾಡುಕೋಣದ ಅರಿವಿಗೆ ಬರುವಷ್ಟರಲ್ಲಿ ತೀರ ಹತ್ತಿರವಾಗಿರುತ್ತದೆ. ಹಳಿಯಾಳ, ಮುಂಡಗೋಡಗಳಲ್ಲಿಯೂ ಬತ್ತ ಮತ್ತು ಕಬ್ಬಿನ ಬೆಳೆಗೆ ಆನೆಗಳು ಬರುವುದುಂಟು. ಬೆಳೆ ನಿಂತಿರುವ ತಿಂಗಳುಗಳಲ್ಲಿ ಕಾಡಂಚಿನ ರಸ್ತೆಗಳಲ್ಲಿ ನಸುಕಿನ ಸವಾರಿಯೂ ಸಲ್ಲದು. ರಾತ್ರಿಯ ಅಭ್ಯಾಸವನ್ನು ಧಾರವಾಡ–ಹುಬ್ಬಳ್ಳಿ ಕಡೆಯ ಬಯಲಿನಲ್ಲಿ, ಗುಂಪಿನಲ್ಲಿ, ಮುಂದೆ ಬಿಳಿಯ ಮತ್ತು ಹಿಂದೆ ಕೆಂಪು ದೀಪ ಹಾಗೂ ಬೆಳಕು ಪ್ರತಿಫಲಿಸುವ ಅಂಗಿಯೊಡನೆ ಮಾಡುವುದು ಸೂಕ್ತ. ತೂಕಡಿಕೆ ಬಂದಾಗ ಬಸ್ ನಿಲ್ದಾಣದಂತಹ ಸುರಕ್ಷಿತ ಸ್ಥಳದಲ್ಲಿ 15–20 ನಿಮಿಷ ಮಲಗಿದರೆ ಎಚ್ಚರ ಮರಳುತ್ತದೆ.

ಆಹಾರ ಮತ್ತು ನೀರು

ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕಾಗುತ್ತದೆ. ಬಾಳೆಹಣ್ಣು, ಬೆಲ್ಲ, ಶೇಂಗಾ ಚಿಕ್ಕಿ, ಅವಲಕ್ಕಿ, ಇಡ್ಲಿಗಳಿಂದಲೇ ಇದನ್ನು ಪೂರೈಸಬಹುದು. ದುಬಾರಿ ಪೊಟ್ಟಣಗಳು ಅನಿವಾರ್ಯವಲ್ಲ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ನೀರಿನ ವಿಷಯದಲ್ಲಿ ಎರಡು ಕಡೆಯ ತಪ್ಪೂ ಸಾಧ್ಯ. ಕಡಿಮೆ ಕುಡಿದರೆ ನಿರ್ಜಲೀಕರಣ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬದೆ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ತಲೆನೋವು, ವಾಂತಿ, ಗೊಂದಲ ಉಂಟಾಗಿ ಪ್ರಾಣಾಪಾಯವೂ ಆಗಬಹುದು. ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ದ್ರಾವಣ ಇದಕ್ಕೆ ಉಪಯುಕ್ತ. ಎದೆನೋವು, ತಲೆಸುತ್ತು, ಮಾತಿನಲ್ಲಿ ತೊದಲು ಕಾಣಿಸಿಕೊಂಡರೆ ಸವಾರಿಯನ್ನು ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬ್ರೆವೆಯನ್ನು ಅರ್ಧಕ್ಕೆ ಬಿಟ್ಟವರಿಗೆ ದಂಡವಿಲ್ಲ. ಅದೇ ದೂರಕ್ಕೆ ಇನ್ನೊಂದು ಬ್ರೆವೆಯಲ್ಲಿ ಮತ್ತೆ ಹೆಸರು ನೋಂದಾಯಿಸಬಹುದು.