ದಾಖಲೆಯ ಹೆಸರು ಮತ್ತು ಹೊಲದ ಒಡೆತನ: ಬೆಳಗಾವಿ–ಖಾನಾಪುರ ಸೀಮೆಯ ಭೂವ್ಯಾಜ್ಯಗಳ ಹಿನ್ನೆಲೆ

ಬೆಲೆ ತೆತ್ತು, ಖರೇದಿಪತ್ರವನ್ನು ನೋಂದಾಯಿಸಿ ಭೂಮಿಯನ್ನು ಕೊಂಡವನು ಒಬ್ಬ. ತಲೆಮಾರುಗಳಿಂದ ಅದನ್ನು ಉಳುತ್ತ ಬಂದರೂ ಕಾಗದದಲ್ಲಿ ಹೆಸರಿಲ್ಲದವನು ಇನ್ನೊಬ್ಬ. ಇಬ್ಬರೂ ಪ್ರಾಮಾಣಿಕರಾಗಿದ್ದಾಗ ನಷ್ಟವನ್ನು ಹೊರಬೇಕಾದವರು ಯಾರು? ಬೆಳಗಾವಿ, ಖಾನಾಪುರಗಳಲ್ಲಿ ಈ ಪ್ರಶ್ನೆಯ ಮೂಲವನ್ನು ಹಿಂದಿನ ಮುಂಬಯಿ ಆಧಿಪತ್ಯದ ದಾಖಲೆ ಪದ್ಧತಿಯಲ್ಲಿಯೇ ಅರಸಬೇಕಾಗುತ್ತದೆ.

1818ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಸೀಮೆಯು ಆಂಗ್ಲರ ವಶವಾಯಿತು. ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದ ಅಧಿಕಾರಿಗಳು 1847ರ ಸಂಯುಕ್ತ ವರದಿಯಲ್ಲಿ ನಿರೂಪಿಸಿದ ಮೋಜಣಿಯ ನಿಯಮಗಳು 1865ರ ಕಾಯಿದೆಯಲ್ಲಿಯೂ 1879ರ ಭೂಕಂದಾಯ ಸಂಹಿತೆಯಲ್ಲಿಯೂ ಸ್ಥಿರಗೊಂಡವು. ಸರ್ಕಾರಕ್ಕೆ ಮುಖ್ಯವಾಗಿ ಬೇಕಾದುದು ಸಾರಾ ಕಟ್ಟಲು ಹೊಣೆಯಾದ ಖಾತೇದಾರ. ಅವನ ಹೆಸರಿನ ಹಿಂದಿದ್ದ ತಮ್ಮಂದಿರೂ ವಿಧವೆಯರೂ ಲೆಕ್ಕದಲ್ಲಿ ಕಾಣಲಿಲ್ಲ. ಬಾಕಿಗಾಗಿ ಜಪ್ತಿಯಾದ ಭೂಮಿಯನ್ನು ಸರ್ಕಾರ ಮಾರಿದರೆ, ಕೊಂಡವನಿಗೆ ಅದು ಪೂರ್ವದ ಋಣಭಾರಗಳಿಂದ ಮುಕ್ತವಾಗಿ ದೊರೆಯುತ್ತಿತ್ತು. ಹಿತಾಸಕ್ತಿಯುಳ್ಳ ಇತರರು ಬಾಕಿ ತೆತ್ತು ಜಪ್ತಿಯನ್ನು ತಪ್ಪಿಸಲು ಅವಕಾಶವಿದ್ದಿತು. ಆದರೆ ಬಾಕಿಯ ಸಂಗತಿ ಅವರಿಗೆ ತಿಳಿದಿರಬೇಕಲ್ಲವೆ?

ಈ ಕೊರತೆಯನ್ನು ನೀಗಲು 1903ರ ಕಾಯಿದೆಯಿಂದ ಹಕ್ಕುದಾಖಲೆ ಏರ್ಪಟ್ಟು, 1913ರಲ್ಲಿ ಅದು ಭೂಕಂದಾಯ ಸಂಹಿತೆಯಲ್ಲಿ ಸೇರಿತು. ವ್ಯತಿರಿಕ್ತವಾದುದು ಸಿದ್ಧವಾಗುವವರೆಗೆ ಅದರ ನಮೂದು ಸತ್ಯವೆಂದು ಭಾವಿಸತಕ್ಕದ್ದೆಂಬ ನಿಯಮವು ಖರೀದಿದಾರನಿಗೆ ಧೈರ್ಯ ನೀಡಿತು. ಆದರೆ ನಮೂದು ಬದಲಾಗಬೇಕಾದರೆ ಯಾರಾದರೂ ವರ್ದಿ ಕೊಡಬೇಕು. ಖಾನಾಪುರದ ಮಲೆನಾಡ ಅಂಚಿನ ಕಿರಿದಾದ ಭತ್ತದ ಗದ್ದೆಗಳನ್ನು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡರೆ ಆ ವಾಟಣಿಗೆ ನೋಂದಣಿ ಅವಶ್ಯವಿರಲಿಲ್ಲ. 1947ರ ತುಂಡುಭೂಮಿ ನಿರ್ಬಂಧಕ ಕಾಯಿದೆಯು ಸಣ್ಣ ತುಂಡುಗಳ ವಿಭಜನೆಯನ್ನು ತಡೆದುದರಿಂದ, ಇಂತಹ ಹಂಚಿಕೆಗಳು ದಾಖಲೆಯ ಹೊರಗುಳಿಯಲು ಇನ್ನೊಂದು ಕಾರಣ ಒದಗಿತು. ಬೆಳಗಾವಿ ನಗರದಲ್ಲಿಯಾದರೋ ಸಿಟಿ ಸರ್ವೆಯ ದಾಖಲೆ ಒಂದು, ಮನೆಪಟ್ಟಿಯ ಪುಸ್ತಕ ಇನ್ನೊಂದು. ಪಟ್ಟಿ ತೆರುವವನೇ ಒಡೆಯನೆಂಬ ಭ್ರಮೆಗೆ ಎಡೆಯಾಗುತ್ತದೆ.

ಇವರಿಬ್ಬರ ನಡುವೆ ಕಾನೂನು ತೂಗಿದ ತಕ್ಕಡಿ ಯಾವುದು? 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಮುಂಬಯಿ ಪ್ರಾಂತಕ್ಕೆ ಅನ್ವಯಿಸಿದುದು 1893ರ ಜನವರಿ 1ರಿಂದ. ಅದರ 41ನೆಯ ಕಲಮಿನಂತೆ, ನಿಜವಾದ ಒಡೆಯನ ಸಮ್ಮತಿಯಿಂದ ಇನ್ನೊಬ್ಬನು ಒಡೆಯನಂತೆ ತೋರುತ್ತಿದ್ದರೆ, ತಕ್ಕ ವಿಚಾರಣೆ ನಡೆಸಿ ಸದ್ಭಾವದಿಂದ ಕೊಂಡವನಿಗೆ ರಕ್ಷಣೆಯುಂಟು. ಹಿರಿಯಣ್ಣನ ಹೆಸರು ಖಾತೆಯಲ್ಲಿದೆಯೆಂದ ಮಾತ್ರಕ್ಕೆ ಆ ಸಮ್ಮತಿ ಸಿದ್ಧವಾಗದು. 1929ರ ತಿದ್ದುಪಡಿಯು ನೋಂದಣಿಯಂತೆಯೇ ವಾಸ್ತವಿಕ ಕಬ್ಜೆಯನ್ನೂ ಸೂಚನೆಯೆಂದು ಘೋಷಿಸಿತು. ಅರ್ಥಾತ್, ಗದ್ದೆಯಲ್ಲಿ ಉಳುತ್ತಿರುವವನನ್ನು ವಿಚಾರಿಸದೆ ಕೊಂಡವನು ತನಗೆ ತಿಳಿಯದೆಂದು ಹೇಳುವಂತಿಲ್ಲ. ಹಾಗೆಂದು ಅವನು ಸರ್ವಸ್ವವನ್ನೂ ಕಳೆದುಕೊಳ್ಳುವನೆಂದಲ್ಲ: ಅವಿಭಕ್ತ ಕುಟುಂಬದ ದಾಯಾದಿಯು ತನ್ನ ಪಾಲನ್ನು ಬೆಲೆಗೆ ಮಾರಬಹುದೆಂದು ಮುಂಬಯಿ ಸಂಪ್ರದಾಯದ ಹಿಂದೂ ನ್ಯಾಯವು ಒಪ್ಪಿದುದರಿಂದ, ಕೊಂಡವನು ಆ ಪಾಲಿಗಾಗಿ ವಿಭಾಗದ ದಾವೆ ಹೂಡಬಹುದು.

1956ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಅಧಿನಿಯಮವೂ ನಮೂದಿನ ಸತ್ಯತೆಯ ಆ ಹಳೆಯ ಭಾವನೆಯನ್ನು ಉಳಿಸಿಕೊಂಡಿತು. ಶತಮಾನದ ಕೊನೆಗೆ ‘ಭೂಮಿ’ ಯೋಜನೆಯು ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿತು. ಆದರೆ ಬಾರದ ವರ್ದಿಯನ್ನು ಯಂತ್ರವು ಬರೆಯಲಾರದು. ಖಾತೆ ಬದಲಾವಣೆಯಿಂದ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಹೇಳಿದುದು ಇಲ್ಲಿ ಸ್ಮರಣೀಯ.

ಕಂದಾಯಕ್ಕಾಗಿ ಹುಟ್ಟಿದ ಕಾಗದವನ್ನು ಒಡೆತನದ ಕನ್ನಡಿಯೆಂದು ನಂಬಿದುದೇ ಈ ವ್ಯಾಜ್ಯಗಳ ಒಂದು ಮುಖ್ಯ ಬೀಜ. ಆದಕಾರಣ ಉತಾರವನ್ನು ಓದಿದವನು ಬದುವಿನ ಮೇಲೂ ಒಮ್ಮೆ ನಿಂತು ವಿಚಾರಿಸುವುದು ಲೇಸು; ಉಳುವವನು ತನ್ನ ವರ್ದಿಯನ್ನು ಕಾಲಕ್ಕೆ ಸರಿಯಾಗಿ ಕೊಡುವುದೂ ಅಷ್ಟೇ ಲೇಸು.