ಅಜ್ಜಿ ಚಂಚ್ಯಾಗಿನ ಬೇರು

ನಮ್ಮ ಅಜ್ಜಿ ಚಂಚಿ ಅಂದ್ರ ಒಂದು ಸಣ್ಣ ಕಿರಾಣಿ ಅಂಗಡಿ ಇದ್ದಂಗ ಇತ್ತು. ಎಲಿ, ಅಡಿಕಿ, ಸುಣ್ಣದ ಡಬ್ಬಿ, ಲವಂಗ, ಯಾಲಕ್ಕಿ, ಮೊಮ್ಮಕ್ಕಳಿಗೆ ಕೊಡಾಕ ನಾಕಾಣೆ, ಎಂಟಾಣೆ, ಒಂದೆರಡು ಪೆಪ್ಪರಮೆಂಟ್. 1984ರ ಬ್ಯಾಸಿಗ್ಯಾಗ ಒಂದಿನ ಆ ಚಂಚಿ ಒಳಗಿಂದ ಬೆರಳುದ್ದದ ಒಂದು ಬೇರಿನ ತುಂಡು ಹೊರಗ ಬಂತು. ಆ ಬೇರಿನ ಕತಿ ಹೇಳಬೇಕು ಅಂತ ಭಾಳ ದಿವಸದಿಂದ ಅನ್ಕೊಂಡಿದ್ದೆ.

ನಾನಾಗ ಆರನೇ ಇಯತ್ತೆ. ಅಜ್ಜಿ ಮುಂಜಾನೆ ಎದ್ದು ಬಚ್ಚಲಕ್ಕ ಹೊಂಟಾಕಿ ನಡುಮನ್ಯಾಗ ಕುಸದು ಬಿದ್ಲು. ಮೈ ತಣ್ಣಗ, ನಾಡಿ ಭಾಳ ನಿಧಾನ. ಅಪ್ಪ, ಕಾಕಾ ಕೂಡಿ ಟಾಂಗಾದಾಗ ಹಾಕ್ಕೊಂಡು ದವಾಖಾನಿಗೆ ಒಯ್ದ್ರು. ನೋಡಿದ್ರ ಬಿ.ಪಿ. ಪಾತಾಳಕ್ಕ ಇಳದಿತ್ತು. ಬಿ.ಪಿ. ಜಾಸ್ತಿ ಐತಿ ಅಂತ ಎರಡು ವರ್ಷದಿಂದ ಗುಳಿಗಿ ತಗೋತಿದ್ದ ಮನುಷ್ಯಾಳಿಗೆ ಹಿಂಗ್ಯಾಕ ಆತು ಅಂತ ಯಾರಿಗೂ ತಿಳೀಲಿಲ್ಲ. "ಗುಳಿಗಿ ಬಿಟ್ಟು ಬ್ಯಾರೆ ಏನರ ತಗೋತಾರೇನು?" ಅಂತ ಡಾಕ್ಟರ್ ಕೇಳಿದ್ರು. ಅಪ್ಪ "ಇಲ್ರಿ" ಅಂದ. ಮಲಗಿದ್ದ ಅಜ್ಜಿನೂ ಇಲ್ಲ ಅಂತ ತಲಿ ಅಲ್ಲಾಡಿಸಿದ್ಲು.

ಇತ್ತ ಮನ್ಯಾಗ ಅವ್ವ ಅಜ್ಜಿ ಸೀರಿ ಒಗಿಯಾಕ ಹಾಕೂವಾಗ ಚಂಚಿ ಬಿಚ್ಚಿ ನೋಡಿದ್ಲು. ಬೇರು ಸಿಕ್ತು. ಸಂಜಿಕಡೆ ಅದನ್ನ ಒಯ್ದು ಡಾಕ್ಟರ್ ಮುಂದ ಇಟ್ಟಳು. ವಯಸ್ಸಾದ ಡಾಕ್ಟರ್ ಅವರು. ಉಗುರಿಲೆ ಕೆರದು ನೋಡಿದ್ರು, ನಾಲಿಗಿಗೆ ಹಚ್ಚಿ ನೋಡಿದ್ರು. ವಿಷದಂಥ ಕಹಿ. ಆಮ್ಯಾಲ ಹೇಳಿದ್ರು: "ಇದು ಸರ್ಪಗಂಧಿ, ತಂಗಿ. ನಾ ಬರದು ಕೊಟ್ಟ ಗುಳಿಗ್ಯಾಗೂ ಇದರದೇ ಸತ್ವ ಐತಿ. ನಿಮ್ಮತ್ತಿ ಒಂದೇ ಔಷಧ ಎರಡು ಕಡೆಯಿಂದ ತಗೊಂಡಾರ."

ನಮ್ಮ ಮನ್ಯಾಗ ಆಗಿನ ಕಾಲಕ್ಕ ಎರಡು ಪಾರ್ಟಿ ಇದ್ವು. ಅಪ್ಪಂದು ಇಂಗ್ಲಿಷ್ ಔಷಧದ ಪಾರ್ಟಿ, ಅಜ್ಜಿದು ಗಿಡಮೂಲಿಕೆ ಪಾರ್ಟಿ. ಎರಡೂ ಪಾರ್ಟಿಯವರು ಒಂದೇ ಬೇರು ಹಿಡಕೊಂಡು ಜಗಳಾಡ್ತಿದ್ರು ಅನ್ನೋದು ಅವತ್ತು ಗೊತ್ತಾತು. ಮುಂದ ದೊಡ್ಡಾಂವ ಆದಮ್ಯಾಲ ಆ ಬೇರಿನ ಬೆನ್ನು ಹತ್ತಿ ಹುಡುಕಿದೆ. ಸಿಕ್ಕದ್ದು ಸಣ್ಣ ಕತಿ ಅಲ್ರಿ.

ಸರ್ಪಗಂಧಿ ಮೊಣಕಾಲೆತ್ತರದ ಗಿಡ. ನಮ್ಮ ಪಶ್ಚಿಮ ಘಟ್ಟದ ಅಡವ್ಯಾಗೂ ಬೆಳಿತೈತಿ, ಬಂಗಾಲ, ಬಿಹಾರ, ಹಿಮಾಲಯದ ಬುಡದಾಗೂ ಬೆಳಿತೈತಿ. ಹಾವಿನ ಕೂಡ ಕಾದಾಡೂ ಮುಂಗುಲಿ ಮೊದಲು ಈ ಎಲಿ ತಿಂದು ಹೊಕ್ಕೈತಿ ಅಂತ ಹಳೇ ಮಂದಿ ಹೇಳೋರು. ಗೋವಾದಾಗಿದ್ದ ಪೋರ್ತುಗೀಜ್ ವೈದ್ಯ ಗಾರ್ಸಿಯಾ ದ ಒರ್ಟಾ ಅಂಬಾವ 1563ರಾಗ ಅಲ್ಲೇ ಅಚ್ಚು ಹಾಕಿಸಿದ ಪುಸ್ತಕದಾಗ 'ಹಾವಿನ ಕಟ್ಟಿಗಿ' ಅನ್ನೋ ಮದ್ದಿನ ಸುದ್ದಿ ಬರತೈತಿ. ಅದರಾಗ ಒಂದು ಈ ಸರ್ಪಗಂಧಿನ ಅಂತ ಆಮ್ಯಾಲಿನವರು ಗುರುತಿಸ್ಯಾರ.

ಹೆಸರಿನ ತಮಾಷೆ ನೋಡ್ರಿ. ಇದಕ್ಕ ಶಾಸ್ತ್ರದ ಹೆಸರು ರಾವೋಲ್ಫಿಯಾ ಸರ್ಪೆಂಟಿನಾ. ಲಿಯೋನ್‌ಹಾರ್ಡ್ ರಾವೋಲ್ಫ್ ಅಂತ ಜರ್ಮನಿಯ ವೈದ್ಯನೊಬ್ಬ 1573ರಿಂದ ಮೂರು ವರ್ಷ ಸಿರಿಯಾ, ಬಾಗ್ದಾದ್ ಕಡೆ ತಿರುಗ್ಯಾಡಿ ಗಿಡ ಕೂಡಿಹಾಕಿದ್ದ. ಅವನ ಗೌರವಕ್ಕ ಫ್ರಾನ್ಸಿನ ಪ್ಲೂಮಿಯೇ ಅನ್ನಾಂವ 1703ರಾಗ ಈ ಕುಲಕ್ಕ ಅವನ ಹೆಸರು ಇಟ್ಟ. ಪಾಪ, ರಾವೋಲ್ಫ್ ಹಿಂದೂಸ್ತಾನಕ್ಕ ಬರಲೇ ಇಲ್ಲ. ಬೇರು ಅರದು ಕುಡಿಸಿದವರ ಹೆಸರು ಒಂದೂ ಉಳೀಲಿಲ್ಲ.

ಹಾವಿನ ಸುದ್ದಿಕಿಂತ ದೊಡ್ಡ ಸುದ್ದಿ ಬಿಹಾರ, ಬಂಗಾಲದಾಗಿತ್ತು. ಅಲ್ಲಿ ಇದನ್ನ 'ಪಾಗಲ್ ಕೀ ದವಾ', ಅಂದ್ರ ಹುಚ್ಚಿನ ಔಷಧ ಅಂತಿದ್ರು. ನಿದ್ದಿ ಇಲ್ಲದವರಿಗೆ, ತಲಿ ಕೆಟ್ಟು ಹಾರ್‍ಯಾಡೋರಿಗೆ ಕೊಡ್ತಿದ್ರು. 1931ರಾಗ ಕಲಕತ್ತಾದಾಗ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಇಬ್ಬರೂ ಕೂಡಿ ಒಂದು ಲೇಖನ ಬರದ್ರು: ಈ ಬೇರು ಹುಚ್ಚಿಗೂ ಆಗತೈತಿ, ರಕ್ತದೊತ್ತಡನೂ ಇಳಸತೈತಿ ಅಂತ. ಸೇನ್ ಅವರು ಹೆಸರಾಂತ ಆಯುರ್ವೇದ ಪಂಡಿತರು, ಡಾಕ್ಟರಕಿನೂ ಕಲತವರು. ಎರಡೂ ಪಾರ್ಟಿಯೊಳಗ ಕಾಲಿಟ್ಟ ಮನುಷ್ಯ.

ಅದೇ ವರ್ಷ ದಿಲ್ಲಿಯ ತಿಬ್ಬಿಯಾ ಕಾಲೇಜಿನ್ಯಾಗ ಸಲೀಮುಜ್ಜಮಾನ್ ಸಿದ್ದೀಕಿ ಅನ್ನೋ ರಸಾಯನ ಶಾಸ್ತ್ರಜ್ಞರು ಬೇರಿನಿಂದ ಸತ್ವ ಬೇರ್ಪಡಿಸಿ ತೋರಿಸಿದ್ರು. ಆ ಕಾಲೇಜು ಕಟ್ಟಿದವರು ಯುನಾನಿ ವೈದ್ಯರಾದ ಹಕೀಮ್ ಅಜ್ಮಲ್ ಖಾನ್. ಅವರು 1927ರಾಗನ ತೀರಿಹೋಗಿದ್ರು. ಸಿದ್ದೀಕಿಯವರು ಒಂದು ಸತ್ವಕ್ಕ 'ಅಜ್ಮಲೀನ್' ಅಂತ ಅವರ ಹೆಸರು ಇಟ್ರು. ಹೃದಯದ ಬಡಿತ ತಪ್ಪಿದಾಗ ಕೊಡೋ ಔಷಧ ಆತು ಅದು ಮುಂದ. ನಮ್ಮವರ ಹೆಸರೊಂದರ ಉಳೀತಲ್ಲ ಅಂತ ನನಗ ಸಮಾಧಾನ.

ಮುಂದ ಬಂದವರು ಮುಂಬೈದ ಡಾ. ರುಸ್ತುಂ ಜಾಲ್ ವಕೀಲ್. ಅಡ್ಡಹೆಸರು ವಕೀಲ, ಉದ್ಯೋಗ ಡಾಕ್ಟರಕಿ, ಆದ್ರ ಈ ಬೇರಿನ ಪರ ಅವರು ಮಾಡಿದ್ದು ಖರೇನ ವಕೀಲಿ. ರಕ್ತದೊತ್ತಡದ 50 ರೋಗಿಗಳಿಗೆ ಬೇರಿನ ಗುಳಿಗಿ ಕೊಟ್ಟು, ಅಳದು, ಬರದಿಟ್ಟು, 1949ರಾಗ ಬ್ರಿಟಿಷ್ ಹಾರ್ಟ್ ಜರ್ನಲ್‌ನ್ಯಾಗ ಅಚ್ಚು ಹಾಕಿಸಿದ್ರು. ಅಲ್ಲಿಂದ ಜಗತ್ತು ಕಣ್ಣು ತೆರೀತು. 1952ರಾಗ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನ ಮುಖ್ಯ ಸತ್ವ ರಿಸರ್ಪಿನ್ ತಗದ್ರು. ಎರಡು ವರ್ಷದಾಗ ಅಮೆರಿಕಾದ ಮನೋರೋಗದ ದವಾಖಾನಿಗಳಾಗ ಅದನ್ನ ಕೊಡಾಕ ಶುರು ಮಾಡಿದ್ರು. 1957ರಾಗ ವಕೀಲರಿಗೆ ಅಮೆರಿಕಾದ ಲಾಸ್ಕರ್ ಪ್ರಶಸ್ತಿ ಬಂತು.

ಇಷ್ಟು ಓದಿ ನಾನೂ ಒಂದೆರಡು ವರ್ಷ ಎದಿ ಉಬ್ಬಿಸಿ ತಿರುಗಿದೆ. "ನೋಡ್ರಿ, ನಮ್ಮವರಿಗೆ ಎಲ್ಲಾ ಮೊದಲ ಗೊತ್ತಿತ್ತು" ಅಂತ. ಆದ್ರ ಕತಿ ಅಲ್ಲಿಗೆ ಮುಗಿಯಂಗಿಲ್ಲ. ಅಳದು ನೋಡಿದಾಗ ಒಂದು ಮಾತು ಖರೆ ಆತು, ಒಂದು ಮಾತು ಸುಳ್ಳಾತು. ರಕ್ತದೊತ್ತಡ ಇಳಸೋದು ಖರೆ. ಹಾವಿನ ವಿಷ ಇಳಸೋದು ಖರೆ ಅಲ್ಲ. ಹಾವು ಕಡದ್ರ ದವಾಖಾನಿಯ ವಿಷದ ಇಂಜೆಕ್ಷನ್ನ ಬೇಕು, ಮುಂಗುಲಿ ಕತಿ ನಂಬಿ ಕುಂತ್ರ ಜೀವ ಹೊಕ್ಕೈತಿ. ಇನ್ನ ಆ ರಿಸರ್ಪಿನ್ ಗುಳಿಗಿನೂ ದೇವರಲ್ಲ. ಮೂಗು ಕಟ್ಟೋದು, ನಾಡಿ ನಿಧಾನ ಆಗೋದು, ಮನಸ್ಸು ಕುಗ್ಗೋದು ಅಂತ ದೂರು ಬಂದ್ವು. ಹೊಸ ಔಷಧ ಬಂದಂಗ ಅದು ಮೂಲಿಗೆ ಸರೀತು.

ಅದಲ್ಲದ ಪ್ರಮಾಣದ ಲೆಕ್ಕ ಐತಿ. ಒಂದು ಕಿಲೋ ಒಣಾ ಬೇರಿನ್ಯಾಗ ರಿಸರ್ಪಿನ್ ಹೆಚ್ಚುಕಡಿಮಿ ಒಂದು ಗ್ರಾಂ. ಮನುಷ್ಯಾಗ ಬೇಕಾಗೋದು ದಿನಕ್ಕ ಕಾಲು ಮಿಲಿಗ್ರಾಂ, ಇಲ್ಲಾ ಅದಕ್ಕೂ ಕಡಿಮಿ. ಬೇರಿನ ತೊಗಟ್ಯಾಗ ಸತ್ವ ಜಾಸ್ತಿ, ನಡುವಿನ ಕಟ್ಟಿಗ್ಯಾಗ ಕಡಿಮಿ. ಕೆಲಸ ಶುರು ಮಾಡಾಕ ದಿವಸಗಟ್ಟಲೆ ತಗೋತೈತಿ, ಬಿಟ್ಟಮ್ಯಾಲೂ ವಾರಗಟ್ಟಲೆ ಮೈಯಾಗ ಉಳಿತೈತಿ. ಅಜ್ಜಿ ಬೇರು ಬಿಟ್ಟು ಹದಿನೈದು ದಿವಸ ಆದ್ರೂ ಗ್ವಾಡಿ ಹಿಡಕೊಂಡು ನಡೀತಿದ್ದಳು. ಅದು ಯಾಕಂತ ನನಗ ತಿಳದಿದ್ದು ಇದನ್ನ ಓದಿದ ಮ್ಯಾಲ.

ಈಗ ಅಜ್ಜಿ ಸುದ್ದಿಗೆ ಬರೋಣ. ಬೇರು ಕೊಟ್ಟವ ಹಳಿಯಾಳದ ಕಡೆಯ ಮುದುಕ, ಧಾರವಾಡದ ಮಂಗಳವಾರ ಸಂತಿಗೆ ಬರ್ತಿದ್ದ. ಅಪ್ಪ ಮರುವಾರ ಹೋಗಿ ಅವನ ಮ್ಯಾಲ ಹರಿಹಾಯ್ದ. ಆ ಮುದುಕ ಸಿಟ್ಟಾಗಲಿಲ್ಲ. "ನಾ ಕೇಳಿದ್ನೆಪ್ಪಾ, ದವಾಖಾನಿ ಗುಳಿಗಿ ನಡದಾವೇನವ್ವ ಅಂತ. ಇಲ್ಲ ಅಂದ್ಲು. ಹೂಂ ಅಂದಿದ್ರ ನಾ ಕೊಡ್ತಿದ್ದಿಲ್ಲ. ರಾತ್ರಿಗೆ ಒಂದು ಗುಲಗಂಜಿ ತೂಕ, ಹಾಲಿನ್ಯಾಗ, ಅಷ್ಟ ಹೇಳಿದ್ದೆ" ಅಂದ.

ಅಜ್ಜಿ ಅವನಿಗೂ ಸುಳ್ಳು ಹೇಳಿದ್ಲು, ಡಾಕ್ಟರಗೂ ಸುಳ್ಳು ಹೇಳಿದ್ಲು. ಯಾಕ? ಆರಾಮಾದ ಮ್ಯಾಲ ಅವ್ವನ ಮುಂದ ಬಾಯಿ ಬಿಟ್ಟಳು. ಅಜ್ಜ ತೀರಿದಾಗಿಂದ ಆಕಿಗೆ ರಾತ್ರಿ ನಿದ್ದಿ ಇದ್ದಿದ್ದಿಲ್ಲ. ಅದನ್ನ ಡಾಕ್ಟರ್ ಮುಂದ ಹೇಳಾಕ ಆಕಿಗೆ ನಾಚಿಕಿ, ಅವರೂ ಬಿ.ಪಿ. ಬಿಟ್ಟು ಬ್ಯಾರೆ ಕೇಳಿದ್ದಿಲ್ಲ. ಹಿಂದ ಒಮ್ಮೆ ಕಷಾಯದ ಸುದ್ದಿ ಎತ್ತಿದಾಗ "ಹಂಗಾರ ಅವರ ಕಡೇನ ಹೋಗ್ರಿ" ಅಂತ ಬೈಸಿಕೊಂಡಿದ್ದಳು. ಮುದುಕ ಮಾತ್ರ ಆಕಿ ಮಾತು ಕುಂತು ಕೇಳಿದ್ದ. ಗುಳಿಗಿ ಸುದ್ದಿ ಹೇಳಿದ್ರ ಅವನೂ ಕೈ ಬಿಡ್ತಾನ ಅಂತ ಹೆದರಿ ಮುಚ್ಚಿಟ್ಟಳು.

ನನಗ ಅನಿಸೋದು ಇಷ್ಟ. ಬೇರು ತಪ್ಪು ಮಾಡಲಿಲ್ಲ, ಗುಳಿಗಿನೂ ತಪ್ಪು ಮಾಡಲಿಲ್ಲ. ಕಲಕತ್ತಾ, ದಿಲ್ಲಿ, ಮುಂಬೈದಾಗ ದೊಡ್ಡ ಮಂದಿ ಎರಡೂ ವಿದ್ಯಾನ ಒಂದ ಮೇಜಿನ ಮ್ಯಾಲ ತಂದು ಕೂಡಿಸಿ ಐವತ್ತು ವರ್ಷ ಆಗಿತ್ತು. ನಮ್ಮ ಮನಿ ನಡುವಿನ್ಯಾಗ ಮಾತ್ರ ಅವು ಇನ್ನೂ ಮುಖ ತಿರುವಿಕೊಂಡು ಕುಂತಿದ್ವು.

ಈಗ ನನಗೂ ಬಿ.ಪಿ. ಬಂದೈತಿ. ಗುಳಿಗಿ ಬ್ಯಾರೆ, ಡಾಕ್ಟರ್ ನನಗಿಂತ ಸಣ್ಣ ಹುಡುಗಿ. ನಮ್ಮ ಮನಿಯಾಕಿ ಮುಂಜಾನೆ ಮೆಂತೆ ನೀರು ಕುಡಸ್ತಾಳ, ಬೀಗರ ಕಡೆಯಿಂದ ಯಾವುದೋ ಚೂರ್ಣ ಬಂದೈತಿ. ದವಾಖಾನಿಗೆ ಹೋಗೂವಾಗ ಚೂರ್ಣದ ಡಬ್ಬಿನೂ ಚೀಲದಾಗ ಹಾಕ್ಕೊಂಡು ಹೊಕ್ಕೀನಿ. ಆಕಿ ಕೇಳ್ಲಿ, ಬಿಡ್ಲಿ, ಡಬ್ಬಿ ಮೇಜಿನ ಮ್ಯಾಲ ಇಡ್ತೀನಿ. ಬೈದ್ರ ಬೈಸಿಕೋತೀನಿ. ನಿಮ್ಮ ಮನ್ಯಾಗೂ ಒಬ್ಬಾಕಿ ಅಜ್ಜಿ ಇದ್ರ ಒಮ್ಮೆ ಹಗೂರಕ ಕೇಳ್ರಿ, ಬೈಬ್ಯಾಡ್ರಿ. ಚಂಚಿ ತಾನ ಬಿಚ್ಚತಾಳ.